ಪಿ0171 ಕೋಡ್: ಸೆನ್ಸರ್ ಬದಲಿಸಿದರೂ ಚೆಕ್ ಎಂಜಿನ್ ದೀಪ ಮತ್ತೆ ಹತ್ತಿಕೊಳ್ಳುವುದೇಕೆ?

ಪ್ರಶ್ನೆ: ನನ್ನದು 2018ರ ಮಾದರಿಯ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಎರಡು ತಿಂಗಳ ಹಿಂದೆ ಚೆಕ್ ಎಂಜಿನ್ ದೀಪ ಹತ್ತಿಕೊಂಡಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಪಿ0171 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೇಳಿ ಹೊಸದನ್ನು ಹಾಕಿದರು. ದೀಪ ಆರಿತು. ಎರಡು ವಾರದ ಮೇಲೆ ಮತ್ತೆ ಬಂತು. ಈಗ ಪಿ0171 ಜೊತೆಗೆ ಪಿ0300 ಕೂಡ ಇದೆ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಮೈಲೇಜೂ ಇಳಿದಿದೆ. ಇನ್ನೊಬ್ಬ ಮೆಕ್ಯಾನಿಕ್ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕು ಎನ್ನುತ್ತಿದ್ದಾರೆ. ಕೋಡ್ ಇಷ್ಟು ಸ್ಪಷ್ಟವಾಗಿ ಬಂದಮೇಲೂ ದೋಷ ಎಲ್ಲಿದೆ ಎಂದು ಯಾಕೆ ತಿಳಿಯುತ್ತಿಲ್ಲ? ಸ್ಕ್ಯಾನರ್ ವರದಿಯ ಫೋಟೊ ಕಳಿಸಿದ್ದೇನೆ.
— ಹಾಸನದ ಓದುಗರು

ಉತ್ತರ: ಇಸಿಎಂ ಬದಲಿಸುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಇಸಿಎಂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ ಎನ್ನುವುದಕ್ಕೆ ನೀವು ಕಳಿಸಿದ ವರದಿಯಲ್ಲಿಯೇ ಪುರಾವೆ ಇದೆ. ಅದನ್ನು ಮುಂದೆ ವಿವರಿಸುತ್ತೇನೆ. ಕೋಡ್ ಸ್ಪಷ್ಟವಾಗಿದ್ದರೂ ದೋಷ ಸಿಗುತ್ತಿಲ್ಲ ಏಕೆ ಎಂದು ಕೇಳಿದ್ದೀರಿ. ಕೋಡ್ ಕೆಟ್ಟ ಭಾಗದ ಹೆಸರು ಎಂದು ಭಾವಿಸಿ ಓದಿರುವುದೇ ಕಾರಣ. ಕಾರು ಓಡುತ್ತಿರುವಾಗ ಇಸಿಎಂ ತನ್ನೊಳಗೆ ನೂರಾರು ಪರೀಕ್ಷೆಗಳನ್ನು ನಡೆಸುತ್ತಿರುತ್ತದೆ, ಅವುಗಳಲ್ಲಿ ಯಾವುದರ ಫಲಿತಾಂಶ ಮಿತಿ ಮೀರಿತೋ ಆ ಪರೀಕ್ಷೆಯ ಹೆಸರನ್ನು ಕೋಡ್ ರೂಪದಲ್ಲಿ ಬರೆದಿಡುತ್ತದೆ. ಫಲಿತಾಂಶ ಹಾಗೇಕೆ ಬಂತು ಎಂದು ಹುಡುಕುವ ಕೆಲಸ ಅಲ್ಲಿಂದ ಮುಂದೆ ಮನುಷ್ಯರದು.

ಈ ಕೋಡುಗಳ ರಚನೆಯನ್ನು ಒಮ್ಮೆ ತಿಳಿದುಕೊಂಡರೆ ಗ್ಯಾರೇಜಿನವರೊಡನೆ ಮಾತನಾಡಲು ಅನುಕೂಲವಾಗುತ್ತದೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಓಬಿಡಿ-2 (ಕಾರು ತನ್ನ ದೋಷಗಳನ್ನು ತಾನೇ ದಾಖಲಿಸುವ) ಪದ್ಧತಿ ಭಾರತದ ಕಾರುಗಳಿಗೆ ಏಪ್ರಿಲ್ 2013ರಿಂದ ಅನ್ವಯವಾಯಿತು, ಆದ್ದರಿಂದ ನಿಮ್ಮ ಕಾರಿನ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆ ಮತ್ತು ಕೋಡುಗಳು ಎಲ್ಲ ಕಂಪನಿಗಳಿಗೂ ಒಂದೇ ಕ್ರಮದಲ್ಲಿವೆ. ಮೊದಲಿನ ಪಿ ಅಕ್ಷರ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಸಂಬಂಧಿಸಿದ್ದು. ಬಿ, ಸಿ, ಯು ಅಕ್ಷರಗಳು ಕ್ರಮವಾಗಿ ಬಾಡಿ, ಷಾಸಿ ಮತ್ತು ಕಂಪ್ಯೂಟರುಗಳ ನಡುವಿನ ಸಂಪರ್ಕಕ್ಕೆ ಸೇರಿದವು. ಅದರ ನಂತರದ ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡ್. 1 ಇದ್ದರೆ ಅದರ ಅರ್ಥವನ್ನು ಆ ಕಂಪನಿಯ ಕೈಪಿಡಿಯಲ್ಲೇ ನೋಡಬೇಕು. ಮೂರನೆಯ ಸ್ಥಾನದ 1 ಗಾಳಿ ಮತ್ತು ಇಂಧನದ ಅಳತೆಯನ್ನೂ 3 ಇಗ್ನಿಷನ್ ಮತ್ತು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹತ್ತಿಕೊಳ್ಳದ ಮಿಸ್‌ಫೈರನ್ನೂ ಸೂಚಿಸುತ್ತವೆ. ಹೀಗೆ ನೋಡಿದರೆ ಪಿ0171 ಎನ್ನುವುದು ಒಂದನೇ ಬ್ಯಾಂಕಿನಲ್ಲಿ (ಸಿಲಿಂಡರುಗಳ ಸಾಲಿನಲ್ಲಿ) ಮಿಶ್ರಣ ತೀರಾ ಲೀನ್ ಆಗಿದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಕಾಣುತ್ತಿದೆ ಎಂಬ ವರದಿ. ಪಿ0300 ಎನ್ನುವುದು ಒಂದೇ ಸಿಲಿಂಡರ್ ಎಂದು ಹೇಳಲಾಗದಂತೆ ಅಲ್ಲಲ್ಲಿ ಮಿಸ್‌ಫೈರ್ ಆಗುತ್ತಿದೆ ಎಂಬ ವರದಿ.

ಇಲ್ಲಿ ಆಕ್ಸಿಜನ್ ಸೆನ್ಸರ್ ಹೇಗೆ ಅಪರಾಧಿಯಾಯಿತು ಎಂಬುದನ್ನು ನೋಡಬೇಕು. ಸಾಮಾನ್ಯ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗಮನಿಸಿ ಸುಮಾರು 0.1ರಿಂದ 0.9 ವೋಲ್ಟ್ ನಡುವೆ ಸಂಕೇತ ಕೊಡುತ್ತದೆ; 0.45 ವೋಲ್ಟಿಗಿಂತ ಕೆಳಗಿದ್ದರೆ ಲೀನ್, ಮೇಲಿದ್ದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಆ ಸೆನ್ಸರಿನ ವೈರಿಂಗ್, ಅದರೊಳಗಿನ ಹೀಟರ್ ಅಥವಾ ಅದರ ಪ್ರತಿಕ್ರಿಯೆಯ ವೇಗದಲ್ಲಿ ದೋಷ ಕಂಡರೆ ಇಸಿಎಂ ಪಿ0130ರಿಂದ ಪಿ0135ರವರೆಗಿನ ಕೋಡುಗಳಲ್ಲಿ ಒಂದನ್ನು ಬರೆಯುತ್ತದೆ. ನಿಮ್ಮ ವರದಿಯಲ್ಲಿ ಅವು ಯಾವುವೂ ಇಲ್ಲ. ಸೆನ್ಸರ್ ಲೀನ್ ಎಂದು ತೋರಿಸಿದೆ, ಇಸಿಎಂ ಅದನ್ನು ದಾಖಲಿಸಿದೆ, ಅಷ್ಟೆ. ಡೈರಿಯಲ್ಲಿ ಹಾಲು ನೀರಾಗಿದೆ ಎಂದು ಲ್ಯಾಕ್ಟೋಮೀಟರ್ ತೋರಿಸಿದಾಗ ಲ್ಯಾಕ್ಟೋಮೀಟರನ್ನೇ ಬದಲಾಯಿಸಿದ ಹಾಗಾಯಿತು ನಿಮ್ಮ ಮೊದಲ ರಿಪೇರಿ.

ಹಾಗಾದರೆ ಸೆನ್ಸರ್ ಬದಲಿಸಿದ ಮೇಲೆ ಎರಡು ವಾರ ದೀಪ ಆರಿದ್ದೇಕೆ? ಸೆನ್ಸರಿನಿಂದಲ್ಲ, ಸ್ಕ್ಯಾನರಿನಿಂದ ಕೋಡ್ ಅಳಿಸಿದ್ದರಿಂದ. ಅಳಿಸಿದಾಗ ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಮಾಹಿತಿ ಹೋಗುತ್ತದೆ, ಸ್ವಯಂಪರೀಕ್ಷೆಗಳು ಮೊದಲಿನಿಂದ ಆರಂಭವಾಗುತ್ತವೆ, ಹೆಚ್ಚಿನ ಕಾರುಗಳಲ್ಲಿ ಇಸಿಎಂ ಕಲಿತಿದ್ದ ಇಂಧನ ತಿದ್ದುಪಡಿಯೂ ಸೊನ್ನೆಗೆ ಬರುತ್ತದೆ. ಮತ್ತೆ ಕಲಿತು, ಮಿತಿ ಮುಟ್ಟಿ, ಸಾಮಾನ್ಯವಾಗಿ ಎರಡು ಬೇರೆ ಬೇರೆ ಪಯಣಗಳಲ್ಲಿ ಅದೇ ದೋಷ ಕಂಡ ನಂತರವೇ ದೀಪ ಹತ್ತಿಕೊಳ್ಳುತ್ತದೆ. ದಿನಕ್ಕೆ ನಾಲ್ಕಾರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಇದಕ್ಕೆ ವಾರಗಳೇ ಹಿಡಿಯಬಹುದು. ಆದ್ದರಿಂದ ದೀಪ ಆರಿದ್ದನ್ನು ರಿಪೇರಿ ಯಶಸ್ವಿಯಾಯಿತು ಎನ್ನಲು ಸಾಕ್ಷಿಯಾಗಿ ಯಾರೂ ತೆಗೆದುಕೊಳ್ಳಬಾರದು. ಯಾವ ಗ್ಯಾರೇಜಿಗೆ ಹೋದರೂ, ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮಿನ ಫೋಟೊ ತೆಗೆದುಕೊಡಿ ಎಂದು ಕೇಳಿ. ಈ ಬಾರಿ ನೀವು ಹಾಗೆ ಮಾಡಿರುವುದರಿಂದಲೇ ನಾನು ಇಷ್ಟು ವಿವರವಾಗಿ ಉತ್ತರಿಸಲು ಸಾಧ್ಯವಾಗಿದೆ.

ಫ್ರೀಜ್ ಫ್ರೇಮ್ ಎಂದರೆ ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ದಾಖಲೆ. ನಿಮ್ಮದರಲ್ಲಿ ಹೀಗಿದೆ: ಕಾರಿನ ವೇಗ 0, ಎಂಜಿನ್ ವೇಗ 768 ಆರ್‌ಪಿಎಂ, ಕೂಲೆಂಟ್ 89 ಡಿಗ್ರಿ, ಎಂಎಪಿ (ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ) 34 ಕಿಲೋಪಾಸ್ಕಲ್, ಶಾರ್ಟ್ ಟರ್ಮ್ ಫ್ಯುಯಲ್ ಟ್ರಿಮ್ +9.4, ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ +21.9. ಟ್ರಿಮ್ ಎಂದರೆ ಇಸಿಎಂ ಪೆಟ್ರೋಲಿನ ಪ್ರಮಾಣಕ್ಕೆ ಮಾಡುವ ಶೇಕಡಾವಾರು ತಿದ್ದುಪಡಿ; ಶಾರ್ಟ್ ಆ ಕ್ಷಣದ್ದು, ಲಾಂಗ್ ಕಲಿತು ಉಳಿಸಿಕೊಂಡದ್ದು. ಅಂದರೆ ಎಂಜಿನ್ ಪೂರ್ತಿ ಬಿಸಿಯಾಗಿ, ಕಾರು ನಿಂತು, ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ಓಡುತ್ತಿದ್ದಾಗ ಕೋಡ್ ಬಂದಿದೆ. ಎರಡು ಟ್ರಿಮ್ಮುಗಳನ್ನು ಕೂಡಿಸಿದರೆ ಶೇ 31ಕ್ಕೂ ಹೆಚ್ಚು; ಇಸಿಎಂ ತಾನು ಲೆಕ್ಕ ಹಾಕಿದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚುವರಿ ಪೆಟ್ರೋಲನ್ನು ಸುರಿಯುತ್ತಿದೆ, ಆದರೂ ಸೆನ್ಸರ್ ಲೀನ್ ಎನ್ನುತ್ತಿದೆ. ಆರೋಗ್ಯವಂತ ಎಂಜಿನ್ನಿನಲ್ಲಿ ಈ ಮೊತ್ತ ಶೇ 10ರ ಒಳಗೆ, ಪ್ಲಸ್ ಅಥವಾ ಮೈನಸ್, ಇರುತ್ತದೆ. ಈಗ ಪಂಪುಗಳಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನಿಂದ ಹೀಗಾಗಿದೆಯೇ ಎಂಬ ಅನುಮಾನ ಅನೇಕರಿಗಿದೆ. ಎಥೆನಾಲ್ ಸುಡಲು ಗಾಳಿ ಕಡಿಮೆ ಸಾಕಾದ್ದರಿಂದ, ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರಿನಲ್ಲಿ ಟ್ರಿಮ್ ಶೇ 4-5ರಷ್ಟು ಏರುವುದು ನಿಜ, ಆದರೆ ಶೇ 31ಕ್ಕೆ ಅದು ಕಾರಣವಾಗಲಾರದು.

ವರದಿಯಲ್ಲಿ ಎಂಎಪಿ ಎಂಬ ಸಾಲು ಇರುವುದು, ಎಂಎಎಫ್ (ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್) ಇಲ್ಲದಿರುವುದು ನಿಮ್ಮ ಪ್ರಕರಣದಲ್ಲಿ ಬಹಳ ಮುಖ್ಯ. ಪಿ0171 ಎಂದು ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವ ಸಲಹೆ ವ್ಯಾಕ್ಯೂಮ್ ಲೀಕ್ ನೋಡಿ, ರಬ್ಬರ್ ಹೋಸುಗಳನ್ನು ಬದಲಾಯಿಸಿ ಎಂದು. ಆ ಸಲಹೆ ಬಹುಮಟ್ಟಿಗೆ ಎಂಎಎಫ್ ಸೆನ್ಸರ್ ಇರುವ ಕಾರುಗಳಿಗೆ ಹೊಂದುತ್ತದೆ. ಅಲ್ಲಿ ಒಳಬರುವ ಗಾಳಿಯನ್ನು ಥ್ರಾಟಲ್ ಎಂಬ ಗಾಳಿಯ ಕವಾಟಕ್ಕಿಂತ ಮೊದಲೇ ಅಳೆಯುತ್ತಾರೆ, ಆದ್ದರಿಂದ ಥ್ರಾಟಲ್ ದಾಟಿದ ಮೇಲೆ ಸೋರಿ ಬಂದ ಗಾಳಿ ಲೆಕ್ಕಕ್ಕೆ ಸಿಗದೆ ಮಿಶ್ರಣ ಲೀನ್ ಆಗುತ್ತದೆ. ನಿಮ್ಮ ಕಾರಿನಂತೆ ಎಂಎಪಿ ಮಾತ್ರ ಇರುವ ಎಂಜಿನ್ನಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನೇ ಅಳೆದು ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಸೋರಿ ಬಂದ ಗಾಳಿಯೂ ಒತ್ತಡವನ್ನು ಏರಿಸುವುದರಿಂದ ಇಸಿಎಂ ಅದಕ್ಕೆ ತಕ್ಕ ಪೆಟ್ರೋಲನ್ನೂ ಕೊಡುತ್ತದೆ; ಐಡಲ್ ವೇಗ ಏರಬಹುದು ಅಥವಾ ಇಸಿಎಂ ಥ್ರಾಟಲನ್ನು ಇನ್ನಷ್ಟು ಮುಚ್ಚಬಹುದು, ಟ್ರಿಮ್ ಮಾತ್ರ ಇಷ್ಟೊಂದು ಏರುವುದಿಲ್ಲ. ನಿಮ್ಮಲ್ಲಿ 768 ಆರ್‌ಪಿಎಂಗೆ 34 ಕಿಲೋಪಾಸ್ಕಲ್ ಸಹಜವಾದ ಅಂಕಿ. ಒಂದೇ ಸಿಲಿಂಡರಿನ ಇನ್‌ಟೇಕ್ ದಾರಿಯಲ್ಲಿ, ಉದಾಹರಣೆಗೆ ಇಂಜೆಕ್ಟರಿನ ಓ-ರಿಂಗ್ ಬಳಿ, ಸೋರಿಕೆ ಇದ್ದರೆ ಆ ಸಿಲಿಂಡರ್ ಲೀನ್ ಆಗುವ ಸಾಧ್ಯತೆ ಉಳಿದೇ ಇದೆ, ಆದರೆ ಆಗ ಮಿಸ್‌ಫೈರ್ ಒಂದು ಸಿಲಿಂಡರಿಗೆ ಅಂಟಿಕೊಂಡು ಪಿ0301, ಪಿ0302 ಎಂದು ಬರುವುದು ಹೆಚ್ಚು.

ಹಾಗಾಗಿ ನಿಮ್ಮ ಕಾರಿನಲ್ಲಿ ಪರಿಶೀಲಿಸಬೇಕಾದ ಮುಖ್ಯ ಅನುಮಾನಗಳು ಮೂರು: ಎಂಎಪಿ ಸೆನ್ಸರ್ ನಿಜವಾದ ಒತ್ತಡಕ್ಕಿಂತ ಕಡಿಮೆ ತೋರಿಸುತ್ತಿರುವುದು, ಇಂಧನ ಸಾಕಷ್ಟು ತಲುಪದಿರುವುದು, ಮತ್ತು ಆಕ್ಸಿಜನ್ ಸೆನ್ಸರಿಗಿಂತ ಮೊದಲು ಎಕ್ಸಾಸ್ಟಿನಲ್ಲಿ ಎಲ್ಲೋ ಸೋರಿಕೆ ಇರುವುದು.

ಮೊದಲನೆಯದನ್ನು ಒಂದು ಪೈಸೆ ಖರ್ಚಿಲ್ಲದೆ ನೀವೇ ನೋಡಬಹುದು. ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಓಬಿಡಿ ಅಡಾಪ್ಟರ್ ಇದ್ದರೆ ಸಾಕು, ಇಲ್ಲದಿದ್ದರೆ ಗ್ಯಾರೇಜಿನ ಸ್ಕ್ಯಾನರಿನ ಲೈವ್ ಡೇಟಾ ತೋರಿಸಲು ಕೇಳಿ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಎಂಎಪಿ ಅಂಕಿಯನ್ನು ಓದಿ. ಎಂಜಿನ್ ನಿಂತಿರುವಾಗ ಮ್ಯಾನಿಫೋಲ್ಡಿನೊಳಗೆ ಇರುವುದು ಹೊರಗಿನ ವಾತಾವರಣದ ಒತ್ತಡವೇ. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್ ತೋರಿಸಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರು, ಹಾಸನಗಳಲ್ಲಿ 90-91ರ ಆಸುಪಾಸು. ನಿಮ್ಮ ಊರಿನಲ್ಲಿ ನಿಮ್ಮ ಕಾರು 80 ಎಂದು ತೋರಿಸಿದರೆ ಸೆನ್ಸರ್, ಅದರ 5 ವೋಲ್ಟ್ ಸರಬರಾಜು ಅಥವಾ ಅದರ ಅರ್ಥಿಂಗ್ ಬಗ್ಗೆ ಅನುಮಾನಿಸಬೇಕು, ಏಕೆಂದರೆ ಒತ್ತಡ ಕಡಿಮೆ ಎಂದು ನಂಬಿದ ಇಸಿಎಂ ಪೆಟ್ರೋಲನ್ನೂ ಕಡಿಮೆ ಕೊಡುತ್ತದೆ. 100 ಎಂದು ತೋರಿಸಿದರೆ ಅದೂ ತಪ್ಪೇ, ಆದರೆ ಆಗ ಮಿಶ್ರಣ ರಿಚ್ ಆಗಬೇಕಿತ್ತು. ಮಲೆನಾಡು ಮತ್ತು ಬಯಲುಸೀಮೆಯ ಅನೇಕ ಮೆಕ್ಯಾನಿಕ್ಕುಗಳು 90 ಎಂಬ ಅಂಕಿ ನೋಡಿ ಸೆನ್ಸರ್ ಹಾಳಾಗಿದೆ ಎಂದುಕೊಳ್ಳುವುದುಂಟು. ಕೈಪಿಡಿಯ 101 ಸಮುದ್ರಮಟ್ಟಕ್ಕೆ ಹೇಳಿದ್ದು ಎಂಬುದನ್ನು ದಯವಿಟ್ಟು ನೆನಪಿಡಬೇಕು.

ಎರಡನೆಯ ಮತ್ತು ಮೂರನೆಯ ಅನುಮಾನಗಳನ್ನು ಬೇರ್ಪಡಿಸುವುದು ಟ್ರಿಮ್ಮಿನ ನಡವಳಿಕೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಎರಡೂ ಟ್ರಿಮ್ಮುಗಳನ್ನು ಬರೆದುಕೊಳ್ಳಿ, ನಂತರ ನಿಂತಲ್ಲೇ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ, ಕೊನೆಗೆ ಏರುದಾರಿಯಲ್ಲಿ ಭಾರ ಬಿದ್ದಾಗ ನೋಡಿ. ದೀಪ ಮಿಣುಕದೆ ಸ್ಥಿರವಾಗಿ ಉರಿಯುತ್ತಿದ್ದರೆ ಮಾತ್ರ ಈ ಕೊನೆಯ ಪರೀಕ್ಷೆ ಮಾಡಿ. ಶಿರಾಡಿಯಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆಗೆ ಹತ್ತುವ ದಾರಿ ಇದಕ್ಕೆ ಚೆನ್ನಾಗಿದೆ, ಆದರೆ ಅಂಕಿಗಳನ್ನು ಪಕ್ಕದಲ್ಲಿ ಕೂತವರು ಓದಲಿ. ಪೆಟ್ರೋಲ್ ಪಂಪ್ ಸೊರಗಿದ್ದರೆ, ಫಿಲ್ಟರ್ ಕಟ್ಟಿಕೊಂಡಿದ್ದರೆ, ಭಾರ ಹೆಚ್ಚಿದಂತೆ ಟ್ರಿಮ್ ಇನ್ನೂ ಏರುತ್ತದೆ, ಪಿಕಪ್ ಕುಸಿಯುತ್ತದೆ. ಇಂಜೆಕ್ಟರುಗಳು ಕಟ್ಟಿಕೊಂಡಿದ್ದರೆ ಎಲ್ಲ ಸ್ಥಿತಿಯಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದ ಪ್ಲಸ್ ಇರುತ್ತದೆ. ಐಡಲ್‌ನಲ್ಲಿ +30 ಇದ್ದದ್ದು 2500ರಲ್ಲಿ +8ಕ್ಕೆ ಇಳಿದರೆ ಇಂಧನದ ಸರಬರಾಜು ಚೆನ್ನಾಗಿದೆ, ಅನುಮಾನ ಎಕ್ಸಾಸ್ಟ್ ಸೋರಿಕೆಯ ಕಡೆಗೆ ತಿರುಗಬೇಕು ಎಂದೇ ಅರ್ಥ, ಏಕೆಂದರೆ ಹೆಚ್ಚು ಬೇಕಾದಾಗ ಕೊಡಬಲ್ಲ ಪಂಪ್ ಕಡಿಮೆ ಬೇಕಾದಾಗ ಸೋಲುವುದಿಲ್ಲ. ಸಂದೇಹ ಉಳಿದರೆ ಗೇಜ್ ಹಾಕಿ ಫ್ಯುಯಲ್ ಪ್ರೆಶರ್ ಅಳೆಯುವುದೇ ಸರಿ. ಈ ಬಗೆಯ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಇರುತ್ತದೆ, ನಿಮ್ಮ ಮಾದರಿಯ ನಿಖರ ಅಂಕಿ ಸರ್ವಿಸ್ ಕೈಪಿಡಿಯಲ್ಲಿದೆ.

ನನ್ನ ಅನುಮಾನ ಎಕ್ಸಾಸ್ಟ್ ಸೋರಿಕೆಯ ಕಡೆಗೇ ಹೆಚ್ಚು ವಾಲುತ್ತದೆ. ಅದಕ್ಕೆ ಕಾರಣ ನೀವು ಹಾದಿಯಲ್ಲಿ ಹೇಳಿ ಬಿಟ್ಟ ಒಂದು ಮಾತು: ಮೈಲೇಜ್ ಇಳಿದಿದೆ. ಎಂಜಿನ್ನಿಗೆ ನಿಜವಾಗಿಯೂ ಪೆಟ್ರೋಲ್ ಕಡಿಮೆ ಬೀಳುತ್ತಿದ್ದು ಇಸಿಎಂ ಅದನ್ನು ತುಂಬಿಕೊಡುತ್ತಿದ್ದರೆ ಕೊನೆಗೆ ಸಿಲಿಂಡರಿಗೆ ತಲುಪುವುದು ಸರಿಯಾದ ಪ್ರಮಾಣವೇ, ಮೈಲೇಜ್ ಅಷ್ಟಾಗಿ ಇಳಿಯಬೇಕಿಲ್ಲ. ಆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಲ್ಲಿ ಅಥವಾ ಸೆನ್ಸರ್ ಕೂರಿಸಿದ ಜಾಗದಲ್ಲಿ ಸಣ್ಣ ಬಿರುಕು ಇದ್ದರೆ, ಹೊಗೆ ಬಡಿತ ಬಡಿತವಾಗಿ ಹೊರಬರುವ ಐಡಲ್ ಸ್ಥಿತಿಯಲ್ಲಿ ಎರಡು ಬಡಿತಗಳ ನಡುವೆ ಹೊರಗಿನ ಗಾಳಿ ಒಳಗೆಳೆಯಲ್ಪಡುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಕಂಡು ಲೀನ್ ಎನ್ನುತ್ತದೆ, ಇಸಿಎಂ ಅದನ್ನು ನಂಬಿ ಬೇಡದ ಪೆಟ್ರೋಲನ್ನು ಸುರಿಯುತ್ತದೆ. ಎಂಜಿನ್ ನಿಜದಲ್ಲಿ ರಿಚ್ ಆಗಿ ಓಡುತ್ತದೆ, ಪ್ಲಗ್ಗುಗಳಿಗೆ ಮಸಿ ಹಿಡಿಯುತ್ತದೆ, ವಾರಗಳು ಕಳೆದಂತೆ ಅವು ಕಿಡಿ ತಪ್ಪತೊಡಗುತ್ತವೆ. ಮೊದಲು ಪಿ0171 ಮಾತ್ರ ಇದ್ದು, ಪಿ0300 ಆಮೇಲೆ ಬಂದ ನಿಮ್ಮ ಕಾರಿನ ಕ್ರಮಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮಿಸ್‌ಫೈರೇ ಮೊದಲಿದ್ದು, ಸುಡದೆ ಹೊರಬಂದ ಆಮ್ಲಜನಕದಿಂದ ಪಿ0171 ಬರುವುದೂ ಉಂಟು, ಆದರೆ ಆಗ ಕ್ರಮ ತಿರುಗಾಮುರುಗಾ ಆಗಬೇಕಿತ್ತು.

ಇದನ್ನು ನಿರ್ಧರಿಸಲು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡುವುದಕ್ಕಿಂತ ಸುಲಭವಾದ ದಾರಿ ಇಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕಾಯಿಲುಗಳ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆದು, ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿನ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಜೋಡಿಸಲು ಹೇಳಿ. ತುದಿಯ ಪಿಂಗಾಣಿ ಬೆಳ್ಳಗೆ, ಒಣಗಿದಂತೆ ಇದ್ದರೆ ಮಿಶ್ರಣ ನಿಜವಾಗಿಯೂ ಲೀನ್, ಇಂಧನದ ಕಡೆ ಹುಡುಕಬೇಕು. ಬೆರಳಿಗೆ ಹತ್ತುವಂಥ ಒಣ ಕಪ್ಪು ಮಸಿ ನಾಲ್ಕರಲ್ಲೂ ಇದ್ದರೆ ಎಂಜಿನ್ ರಿಚ್ ಆಗಿ ಓಡಿದೆ, ಸೆನ್ಸರ್ ಲೀನ್ ಎಂದು ತೋರಿಸಿದ್ದು ಹುಸಿ. ಲೀನ್ ಕೋಡ್ ಮತ್ತು ಕಪ್ಪು ಪ್ಲಗ್ ಎರಡೂ ಒಟ್ಟಿಗೆ ಇರುವುದು ವಿಚಿತ್ರವಾಗಿ ಕಾಣುತ್ತದೆ. ಅದನ್ನು ನೋಡಿ ಗೊಂದಲಗೊಂಡೇ ಹಲವರು ಇಸಿಎಂ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಮಸಿ ಕಂಡರೆ ಮರುದಿನ ಬೆಳಿಗ್ಗೆ ಬಾನೆಟ್ ತೆರೆದಿಟ್ಟು ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿಸಿ ಕಿವಿಗೊಡಿ: ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಡೆಯಿಂದ ಟಿಕ್ ಟಿಕ್ ಸದ್ದು ಬಂದು, ಲೋಹ ಬಿಸಿಯಾಗಿ ಹಿಗ್ಗಿದಂತೆ ಕಡಿಮೆಯಾದರೆ ಅದು ಸೋರಿಕೆಯ ಗುರುತು. ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಗ್ಯಾಸ್ಕೆಟ್ ಅಂಚಿನಲ್ಲಿ, ಸ್ಟಡ್ಡುಗಳ ಪಕ್ಕದಲ್ಲಿ ಅಥವಾ ಸೆನ್ಸರಿನ ಬುಡದಲ್ಲಿ ಬೂದು ಅಥವಾ ಕಪ್ಪು ಬಣ್ಣದ ಗೆರೆ ಹೊರಕ್ಕೆ ಚಾಚಿರುವುದು ಕಾಣಬಹುದು. ಸೆನ್ಸರನ್ನು ಎರಡು ತಿಂಗಳ ಹಿಂದೆ ಬಿಚ್ಚಿ ಕೂರಿಸಿರುವುದರಿಂದ ಆ ಜಾಗವನ್ನು ವಿಶೇಷವಾಗಿ ನೋಡಬೇಕು, ಹೊಸ ಸೆನ್ಸರಿನ ಭಾಗಸಂಖ್ಯೆ ನಿಮ್ಮ ಮಾದರಿಯದೇ ಎಂದೂ ಖಚಿತಪಡಿಸಿಕೊಳ್ಳಬೇಕು.

ವೈರಿಂಗ್ ಬಗ್ಗೆ ಒಂದು ಮಾತು. ನಿಮ್ಮ ಕಡೆ ಮಳೆಗಾಲದಲ್ಲಿ ಇಲಿಗಳು ಬೆಚ್ಚನೆಯ ಎಂಜಿನ್ ಮೇಲೆ ಸೇರಿ ವೈರ್ ಕಡಿಯುವುದು ಸಾಮಾನ್ಯ. ಕಾಯಿಲ್ ಮತ್ತು ಸೆನ್ಸರುಗಳ ವೈರುಗಳನ್ನು ಬೆರಳಿನಿಂದ ಸವರಿ ನೋಡಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಎಂಜಿನ್ನಿಗೆ ಮತ್ತು ಬಾಡಿಗೆ ಸೇರುವ ಬೋಲ್ಟುಗಳಲ್ಲಿ ತುಕ್ಕಿದೆಯೇ ಪರೀಕ್ಷಿಸಿ. ಆದರೆ ವೈರ್ ತುಂಡಾದರೆ ಸಾಮಾನ್ಯವಾಗಿ ಆಯಾ ಸರ್ಕ್ಯೂಟಿನ ಕೋಡೇ ಬರುತ್ತದೆ, ನಿಮ್ಮಲ್ಲಿ ಅದು ಬಂದಿಲ್ಲ.

ಪಿ0300 ಇರುವಾಗ ಒಂದು ಎಚ್ಚರಿಕೆ ಅಗತ್ಯ. ಚೆಕ್ ಎಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಓಡಿಸಬಹುದು. ಅದು ಮಿಣುಕತೊಡಗಿದರೆ, ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಭಾಗವಾದ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಟ್ಟು ಅದನ್ನು ಕರಗಿಸುವಷ್ಟು ಮಿಸ್‌ಫೈರ್ ಆಗುತ್ತಿದೆ ಎಂದರ್ಥ. ಕಾರನ್ನು ಬದಿಗೆ ನಿಲ್ಲಿಸಿ. ಕನ್ವರ್ಟರಿನ ಬೆಲೆ ಈವರೆಗಿನ ನಿಮ್ಮ ಎಲ್ಲ ಖರ್ಚನ್ನೂ ಮೀರುವಂಥದ್ದು.

ಇನ್ನು ಇಸಿಎಂ ವಿಷಯ. ಸೆನ್ಸರಿನ ಸಂಕೇತವನ್ನು ಓದಿ, ಶೇ 31ರಷ್ಟು ತಿದ್ದುಪಡಿ ಲೆಕ್ಕ ಹಾಕಿ, ಇಂಜೆಕ್ಟರುಗಳಿಂದ ಅದನ್ನು ಜಾರಿ ಮಾಡಿಸಿ, ಮಿತಿ ದಾಟಿದ್ದನ್ನು ದಾಖಲಿಸಿದ ಪೆಟ್ಟಿಗೆ ಕೆಟ್ಟಿದೆ ಎನ್ನಲು ಆಧಾರ ಬೇಕು. ಇಸಿಎಂ ತನ್ನೊಳಗಿನ ದೋಷವನ್ನು ಕಂಡರೆ ಪಿ0601, ಪಿ0606ರಂಥ ಕೋಡುಗಳನ್ನು ಬರೆಯುತ್ತದೆ. ಅದಕ್ಕೆ ಹೋಗುವ 12 ವೋಲ್ಟ್ ಮತ್ತು ಅರ್ಥಿಂಗ್ ಸರಿ ಇವೆ, ಅದು ಸೆನ್ಸರುಗಳಿಗೆ ಕೊಡುವ 5 ವೋಲ್ಟ್ ಸರಿ ಇಲ್ಲ, ಸೆನ್ಸರುಗಳನ್ನು ಒಂದೊಂದಾಗಿ ಕಳಚಿದರೂ ಆ 5 ವೋಲ್ಟ್ ಮರಳುವುದಿಲ್ಲ, ನಡುವಿನ ವೈರೂ ಎಲ್ಲಿಯೂ ಶಾರ್ಟ್ ಆಗಿಲ್ಲ ಎಂದು ಮಲ್ಟಿಮೀಟರ್ ಹಿಡಿದು ತೋರಿಸಿದ ಮೇಲೆ ಇಸಿಎಂ ಮೇಲೆ ಅನುಮಾನ ಪಡುವುದು ನ್ಯಾಯ. ಸೆಕೆಂಡ್ ಹ್ಯಾಂಡ್ ಇಸಿಎಂ ಹಾಕಿಸುವ ಸಲಹೆ ಬಂದರೆ ಇನ್ನೂ ಎಚ್ಚರವಿರಲಿ: ಇಮ್ಮೊಬಿಲೈಸರ್ ಇರುವ ಕಾರಿನಲ್ಲಿ ಕೀಲಿಯೊಡನೆ ಹೊಂದಿಸದ ಹೊರತು ಎಂಜಿನ್ ಸ್ಟಾರ್ಟೇ ಆಗುವುದಿಲ್ಲ.

ಸೋರಿಕೆ ಸಿಕ್ಕಿ ಗ್ಯಾಸ್ಕೆಟ್ ಬದಲಾಯಿಸಿದರೆ, ಮಸಿ ಹಿಡಿದ ಪ್ಲಗ್ಗುಗಳನ್ನೂ ಹೊಸದಾಗಿ ಹಾಕಿಸಿ. ಎಂಜಿನ್ ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅದನ್ನೂ ಬದಲಾಯಿಸಬೇಕು. ಅದಾದ ಮೇಲೆ ಕೋಡ್ ಅಳಿಸಿ, ತಣ್ಣನೆಯ ಸ್ಥಿತಿಯಿಂದ ಶುರುಮಾಡಿ ಐಡಲ್, ಊರೊಳಗಿನ ಓಡಾಟ, ಹೆದ್ದಾರಿಯ ಸ್ಥಿರವೇಗ ಮೂರೂ ಇರುವಂತೆ ಕೆಲವು ದಿನ ಓಡಿಸಿ. ದೀಪ ಆರಿದೆಯೇ ಎಂದಷ್ಟೇ ನೋಡದೆ ಟ್ರಿಮ್ಮುಗಳನ್ನು ಮತ್ತೆ ಓದಿ: ಐಡಲ್‌ನಲ್ಲಿ ಎರಡರ ಮೊತ್ತ ಶೇ 10ರೊಳಗೆ ಇಳಿದು ಅಲ್ಲೇ ನಿಂತರೆ ರಿಪೇರಿ ಆಗಿದೆ. ಪ್ಲಗ್ಗುಗಳು ಬೆಳ್ಳಗೆ ಕಂಡು ಎಕ್ಸಾಸ್ಟಿನಲ್ಲಿ ಏನೂ ಸಿಗದಿದ್ದರೆ, ಎಂಜಿನ್ ಆಫ್ ಇದ್ದಾಗಿನ ಎಂಎಪಿ, ಐಡಲ್ ಮತ್ತು 2500 ಆರ್‌ಪಿಎಂನ ಟ್ರಿಮ್ಮುಗಳು, ಫ್ಯುಯಲ್ ಪ್ರೆಶರ್ ಇವಿಷ್ಟನ್ನು ಬರೆದು ಪ್ಲಗ್ಗುಗಳ ಫೋಟೊದೊಡನೆ ಮತ್ತೆ ಕಳಿಸಿ, ಮುಂದಿನ ಹೆಜ್ಜೆಯನ್ನು ಹೇಳುತ್ತೇನೆ.